ಒತ್ತದ ಗುಂಡಿಯ ಉತ್ತರ

ಅನಸೂಯಾ ಕುಂದರಗಿ ಮಧ್ಯಾಹ್ನದ ಊಟಕ್ಕೆಂದು ಆಫೀಸಿನಿಂದ ಮನೆಗೆ ಬಂದಾಗ ಗಂಡ ವಿರೂಪಾಕ್ಷ ಹಿತ್ತಲಲ್ಲಿ ಉರಿಬಿಸಿಲಿಗೆ ಮುಖವೊಡ್ಡಿ ಕೂತಿದ್ದ. ಬೆಳಿಗ್ಗೆ ಅವನ ಗಾಲಿಕುರ್ಚಿಯನ್ನು ಬೇವಿನ ಮರದ ನೆರಳಿನಲ್ಲೇ ನಿಲ್ಲಿಸಿದ್ದರು. ನೆರಳು ತನ್ನ ಪಾಡಿಗೆ ತಾನು ಸರಿದು ಹೋಗಿತ್ತು, ಕುರ್ಚಿ ಅಲ್ಲೇ ಉಳಿದಿತ್ತು. ಅವನ ಕಣ್ಣು ಮುಚ್ಚಿದ್ದವು, ತುಟಿ ಒಣಗಿ ಬಿರಿದಿದ್ದವು. ಎಡಗೈಯ ಹೆಬ್ಬೆರಳು ಮಾತ್ರ ರಿಮೋಟಿನ ಮೇಲೆ ಒಂದೇ ಸಮನೆ ಆಡುತ್ತಿತ್ತು. ನೀರು, ನೋವು, ಅನೂ. ನೀರು, ನೋವು, ಅನೂ.

ಒಳಗೆ ಅಡುಗೆಮನೆಯಲ್ಲಿ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಹಗಲು ಹೊತ್ತು ವಿರೂಪಾಕ್ಷನನ್ನು ನೋಡಿಕೊಳ್ಳುವವಳು ಅವಳೇ. ಅನಸೂಯಾಳ ಕೂಗು ಕೇಳಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಗಾಬರಿಯಾಗಿ ನಿಂತಳು.

"ನಂಗೇನ್ ಗೊತ್ರಿ ಅಕ್ಕಾರ, ಪೆಟ್ಟಿಗಿ ಒಂದ್ ಮಾತೂ ಆಡಲಿಲ್ಲ. ಆರಾಮ ಅದಾರ ಅನ್ಕೊಂಡೆ."

ಅವಳದೇನೂ ತಪ್ಪಿರಲಿಲ್ಲ. ಪಾರ್ಶ್ವವಾಯು ಹೊಡೆದು ವಿರೂಪಾಕ್ಷನ ಮಾತು ನಿಂತು, ದೇಹದಲ್ಲಿ ಎಡಗೈಯೊಂದೇ ಅವನ ಹಿಡಿತದಲ್ಲಿ ಉಳಿದಾಗಿನಿಂದ ಆ ಪೆಟ್ಟಿಗೆಯೇ ಅವನ ಬಾಯಿ. ರಿಮೋಟಿನಲ್ಲಿ ಎಂಟು ಗುಂಡಿ. ಮೂರು ಗುಂಡಿ ದೀಪ, ಫ್ಯಾನು, ಮಂಚದ ತಲೆದೆಸೆ ಏರಿಸಿ ಇಳಿಸುವುದಕ್ಕೆ. ಉಳಿದ ಐದು ಮಾತಿಗೆ: ಹೌದು, ಬ್ಯಾಡ, ನೀರು, ನೋವು, ಅನೂ. ಒತ್ತಿದರೆ ಪಡಸಾಲೆಯ ಪೆಟ್ಟಿಗೆ ಅವನದೇ ದನಿಯಲ್ಲಿ ಆ ಮಾತು ಹೇಳುತ್ತಿತ್ತು. ಅನಸೂಯಾಳ ಫೋನಿನಲ್ಲಿ ಉಳಿದಿದ್ದ ಹಳೆಯ ಮಾತುಕತೆಗಳಿಂದ ಆರಿಸಿ ತೆಗೆದ ದನಿ ಅದು. ರೈಲು ಓಡಿಸುತ್ತಿದ್ದ ಮನುಷ್ಯ, ಎಂಜಿನ್ನಿನ ಸದ್ದು ಮೀರಿಸಿ ಮಾತಾಡಿ ರೂಢಿ; ಆ "ಬ್ಯಾಡ" ಅಂತೂ ಓಣಿಯ ತುದಿಗೂ ಕೇಳುವಂತಿತ್ತು.

ಆದರೆ ರಿಮೋಟಿನ ಸಂಕೇತ ಹಿತ್ತಲಿನಿಂದ ಪಡಸಾಲೆಗೆ ಮುಟ್ಟುತ್ತಿರಲಿಲ್ಲ. ನಡುವೆ ಎರಡು ಗೋಡೆ, ಕಬ್ಬಿಣದ ತಿಜೋರಿ, ನೀರಿನ ಟಾಕಿ. ಅವನಿಗೋ ಹಿತ್ತಲೇ ಬೇಕು. ಕಂಪೌಂಡಿನ ಆಚೆ ಹುಬ್ಬಳ್ಳಿಯ ರೈಲು ಹಳಿ. ಗಾಡಿ ಹೋಗುವಾಗ ಅವನ ಕಣ್ಣು ಎಂಜಿನ್ನಿನಿಂದ ಹಿಡಿದು ಕೊನೆಯ ಡಬ್ಬಿಯವರೆಗೂ ಹೋಗಿ ಬರುತ್ತಿತ್ತು.

ಆ ಸಂಜೆ ಒದ್ದೆ ಬಟ್ಟೆಯಿಂದ ಅವನ ಮುಖ ಒರೆಸುತ್ತ ಅನಸೂಯಾ, "ಇನ್ನ ಮ್ಯಾಲೆ ನೀವ್ ಎಲ್ಲಿಂದ ಒತ್ತಿದ್ರೂ ಕೇಳಬೇಕು, ಹಂಗ ಮಾಡತೀನಿ" ಎಂದಳು.

ಮಾಡುವುದು ಅವಳಿಗೆ ಅಸಾಧ್ಯವೇನೂ ಆಗಿರಲಿಲ್ಲ. ಗೋಕುಲ ರಸ್ತೆಯ ಕಾರ್ಖಾನೆಗಳ ನಡುವೆ ಇದ್ದ 'ದನಿ' ಎಂಬ ಸಣ್ಣ ಕಂಪನಿಯಲ್ಲಿ ಅವಳು ರೇಡಿಯೋ ಎಂಜಿನಿಯರು. ಆ ರಿಮೋಟು, ಆ ಪೆಟ್ಟಿಗೆ ಅವಳ ಕೈಯಲ್ಲೇ ಹುಟ್ಟಿದವು. ಗಂಡನಿಗೆಂದು ಮಾಡಿದ್ದನ್ನು ಕಂಪನಿಯ ಮಾಲೀಕರಾದ ಚನ್ನವೀರ ಅಂಗಡಿಯವರು ನೋಡಿ, ಇಂಥ ಸಂಕಟ ಇನ್ನೂ ಎಷ್ಟು ಮನೆಗಳಲ್ಲಿ ಇರಬೇಕು ಎಂದು ಮಾರಾಟಕ್ಕೂ ಇಳಿಸಿದ್ದರು.

ಲ್ಯಾಬಿನಲ್ಲಿ ಅವಳ ಜೊತೆಗಾರ ಫೈಯಾಜ್ ಕಿಲ್ಲೇದಾರ. ಇಬ್ಬರೂ ಸೇರಿ ಮೊದಲು ಆಂಟೆನಾ ಬದಲಿಸಿದರು. ಸಂಕೇತ ಅಡುಗೆಮನೆ ದಾಟಿತು, ಹಿತ್ತಲು ಮುಟ್ಟಲಿಲ್ಲ. ರಿಮೋಟಿನ ಶಕ್ತಿ ಹೆಚ್ಚಿಸೋಣವೆಂದರೆ ಕಾನೂನಿನ ಮಿತಿ ಅಡ್ಡ ಬಂತು, ಬ್ಯಾಟರಿಯೂ ಬೇಗ ಸಾಯುತ್ತಿತ್ತು. ಸಂಕೇತ ಹಿಡಿದು ಮುಂದಕ್ಕೆ ಕಳಿಸುವ ಮರುಪ್ರಸಾರಕವೊಂದನ್ನು ನಡುವೆ ಇಟ್ಟರೆ ಕರೆಂಟು ಹೋದಾಗ ಅದೂ ಮೂಕ. ಉಳಿದದ್ದು ಒಂದೇ ದಾರಿ: ಕೂಗುವವನ ಗಂಟಲು ಏರಿಸಲಾಗದಿದ್ದರೆ ಕೇಳುವವನ ಕಿವಿ ಚುರುಕು ಮಾಡುವುದು.

ಅದರಲ್ಲೂ ತೊಡಕಿತ್ತು. ಕಿವಿ ಚುರುಕಾದಷ್ಟೂ ಗದ್ದಲವೂ ಹೆಚ್ಚು ಕೇಳುತ್ತದೆ. ಅಕ್ಕಪಕ್ಕದ ಮನೆಗಳ ವೈಫೈ, ಹಳಿಯ ಮೇಲಿನ ವಿದ್ಯುತ್ ತಂತಿಯ ಕಿಡಿ, ಯಾರದೋ ಗೇಟಿನ ರಿಮೋಟು, ಎಲ್ಲ ಒಳಗೆ ನುಗ್ಗುತ್ತವೆ. ಆ ಗದ್ದಲದಲ್ಲಿ ವಿರೂಪಾಕ್ಷನ ಸಂಕೇತದ ಅರ್ಧ ಚೂರು ಸಿಕ್ಕರೆ ಉಳಿದರ್ಧವನ್ನು ಹೇಗೆ ತುಂಬುವುದು?

"ಸ್ಟೇಷನ್ದಾಗ ನಿಂತಾಗ ನೋಡ್ರಿ ಅಕ್ಕಾರ," ಎಂದ ಫೈಯಾಜ್, "ಎಷ್ಟ ಗದ್ದಲ ಇದ್ರೂ ನಮ್ಮ ಹೆಸರು ಯಾರರ ಕರದ್ರ ತಟ್ನ ಕೇಳತೈತಿ. ಕಿವಿ ಕಾಯ್ಕೋತ ಇರತೈತಿ, ಅದಕ್ಕ."

ಆ ಮಾತಿನಿಂದಲೇ ಹೊಸ ಪೆಟ್ಟಿಗೆ ಹುಟ್ಟಿತು. ಅದಕ್ಕೆ ಕಾಯುವುದನ್ನು ಕಲಿಸಿದರು. ಮನುಷ್ಯ ಯಾವ ಹೊತ್ತಿಗೆ ಏನು ಕೇಳುತ್ತಾನೆ, ಯಾವುದರ ನಂತರ ಯಾವುದು ಒತ್ತುತ್ತಾನೆ ಎಂಬುದನ್ನು ಅದು ನೆನಪಿಡುತ್ತಿತ್ತು. ಒಂದು ಮೈಕನ್ನೂ ಕೂರಿಸಿದರು. ಮನೆಯಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಬರುವ ಸಂಭವ ಹೆಚ್ಚು, ಆಗ ಕಿವಿಯನ್ನು ಇನ್ನಷ್ಟು ಅಗಲಿಸಬೇಕು. ಅರ್ಧ ಸಿಕ್ಕ ಸಂಕೇತವನ್ನು ರೂಢಿಯಿಂದ ಪೂರ್ತಿ ಮಾಡಿಕೊಳ್ಳಬೇಕು. ಮಾಡಿಕೊಂಡದ್ದು ಸರಿಯಾಯಿತೇ ಎಂದು ಮುಂದೆ ನಡೆದದ್ದನ್ನು ನೋಡಿ ತಿದ್ದಿಕೊಳ್ಳಬೇಕು.

ಫಲ ಬೆರಗು ಹುಟ್ಟಿಸುವಂತಿತ್ತು. ಹಿತ್ತಲಿನಿಂದ ಕೇಳಿತು. ಓಣಿಯ ತುದಿಯಿಂದ ಕೇಳಿತು. ಒಂದು ದಿನ ಫಿಸಿಯೋಥೆರಪಿಗೆಂದು ಅವನನ್ನು ವಿದ್ಯಾನಗರದವರೆಗೆ ಕರೆದುಕೊಂಡು ಹೋದಾಗ, ಅಲ್ಲಿಂದ ಒತ್ತಿದ್ದಕ್ಕೆ ಮನೆಯ ದೀಪ ಹತ್ತಿತೆಂದು ನೀಲವ್ವ ಫೋನು ಮಾಡಿದಳು. ಇಷ್ಟು ದೂರ ಹೇಗೆ ಮುಟ್ಟಿತು ಎಂದು ಅನಸೂಯಾಳಿಗೇ ತಿಳಿಯಲಿಲ್ಲ. ಲೆಕ್ಕ ಹಾಕಿದರೆ ಮುಟ್ಟಬಾರದು. ಆದರೆ ಮುಟ್ಟಿದೆ. ದೀಪ ಹತ್ತಿದ ಮೇಲೆ ಲೆಕ್ಕದಲ್ಲೇ ಏನೋ ತಪ್ಪಿರಬೇಕು ಅಂದುಕೊಂಡಳು.

ಅಂಗಡಿಯವರು ಪೇಢೆ ಹಂಚಿದರು. ಹೊಸ ಪೆಟ್ಟಿಗೆ ನಾಕೈದು ಜಿಲ್ಲೆಗಳ ನೂರಾರು ಮನೆಗಳಿಗೆ ಹೋಯಿತು.

ಮನೆಯಲ್ಲಿ ಬದುಕು ಹಗುರಾಯಿತು. ಮೊದಲೆಲ್ಲ ವಿರೂಪಾಕ್ಷನದು ಮಾತಿಗೊಂದು "ಬ್ಯಾಡ". ಉಪ್ಪಿಟ್ಟು ಬ್ಯಾಡ, ಸ್ನಾನ ಬ್ಯಾಡ, ಬಂದವರನ್ನು ಮಾತಾಡಿಸುವುದು ಬ್ಯಾಡ. ಈಗ ಅಡುಗೆಮನೆಯಿಂದ ಅವಳು "ಚಾ ಮಾಡ್ಲೇನ್ರಿ?" ಎಂದರೆ ಸಾಕು, ಪಡಸಾಲೆಯಿಂದ "ಹೌದು" ಎಂದು ಬರುತ್ತಿತ್ತು. "ಅಂಗಿ ಬದಲಸೋಣೇನ್ರಿ?" "ಹೌದು." ಬಂದು ಹೋಗುವ ನೆಂಟರ ಮುಂದೆ ಅನಸೂಯಾ, "ನಮ್ಮವ್ರು ಈಗ ಭಾಳ ಮೆತ್ತಗ ಆಗ್ಯಾರ" ಎಂದು ಸಂತೋಷದಿಂದಲೇ ಹೇಳಿಕೊಂಡಳು.

ಅದೇ ದಿನಗಳಲ್ಲಿ ಆಪರೇಷನ್ನಿನ ಮಾತು ಬಂತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮಿದುಳಿನೊಳಗೆ ಕೂದಲೆಳೆಯಂಥ ತಂತಿ ಇಟ್ಟು, ಸತ್ತ ಮಾತನ್ನು ಎಬ್ಬಿಸುವ ಹೊಸ ಚಿಕಿತ್ಸೆ ಶುರುವಾಗಿತ್ತು. ಗುಣವಾದರೆ ಮಾತು ಬರಬಹುದು. ಕೆಟ್ಟರೆ ಉಳಿದಿರುವ ಎಡಗೈಯೂ ಹೋಗಬಹುದು. ಡಾಕ್ಟರು ಮರೆಮಾಚದೆ ಹೇಳಿದ್ದರು. ಅನಸೂಯಾ ಗಂಡನನ್ನು ಒಮ್ಮೆಯಲ್ಲ, ಬೇರೆ ಬೇರೆ ದಿನ ಮತ್ತೆ ಮತ್ತೆ ಕೇಳಿದಳು. ಪ್ರತಿ ಸಲವೂ "ಹೌದು". ಒಂದು ಸಲ ಕೇಳುವಾಗ ಅವನು ಹಿತ್ತಲಲ್ಲಿದ್ದ, ಅವಳು ಪಡಸಾಲೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಇನ್ನೊಂದು ಸಲ ಅವಳು ಒಲೆಯ ಮುಂದೆ. ಕಿಟಕಿಯಿಂದ ಕೇಳುತ್ತಿದ್ದಳು, ಪೆಟ್ಟಿಗೆಯಿಂದ ಉತ್ತರ ಬರುತ್ತಿತ್ತು. ಅವನ ಹತ್ತಿರ ಹೋಗಬೇಕಾದ ಅಗತ್ಯವೇ ಈಗ ಇರಲಿಲ್ಲ.

ದಿನ ಗೊತ್ತಾಯಿತು. ಬೆಂಗಳೂರಿಗೆ ರೈಲಿನ ಟಿಕೆಟ್ಟೂ ಆಯಿತು.

ಹೊರಡುವುದಕ್ಕೆ ಇನ್ನೊಂದು ವಾರವಿರುವಾಗ ರಿಮೋಟಿನ ಒಂದು ಗುಂಡಿ ಸಡಿಲವಾಗಿರುವುದನ್ನು ಅನಸೂಯಾ ನೋಡಿದಳು. ಪ್ರಯಾಣಕ್ಕೆ ಮೊದಲೇ ಸರಿಮಾಡಿಸಬೇಕೆಂದು ಬೆಳಿಗ್ಗೆ ಆಫೀಸಿಗೆ ಒಯ್ದು ಫೈಯಾಜನ ಮೇಜಿನ ಮೇಲಿಟ್ಟಳು. ಸಂಜೆ ತರುವುದನ್ನು ಮರೆತು ಮನೆಗೆ ಬಂದಳು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅಡುಗೆಮನೆಗೆ ಹೋಗಿ, ರೂಢಿಯಂತೆ ಕೇಳಿದಳು:

"ಚಾ ಮಾಡ್ಲೇನ್ರಿ?"

"ಹೌದು."

ಮಾಡಿದಳು. ಶುಂಠಿ ಜಜ್ಜಿ ಹಾಕಿ, ಆರಿಸಿ, ಹೀರುವ ನಳಿಕೆ ಇಟ್ಟು ಪಡಸಾಲೆಗೆ ತಂದಳು. ಕುಡಿಸಲು ಬಗ್ಗಿದಾಗ ಅವನ ಎಡಗೈ ತೊಡೆಯ ಮೇಲೆ ಅಂಗಾತ ಬಿದ್ದದ್ದು ಕಂಡಿತು. ಅಂಗೈ ಖಾಲಿ.

ಕಪ್ಪನ್ನು ಪಕ್ಕಕ್ಕಿಟ್ಟಳು. ರಿಮೋಟು ಎಲ್ಲಿ ಬಿತ್ತು ಎಂದು ಕುರ್ಚಿಯ ಕೆಳಗೆ, ಹೊದಿಕೆಯ ಮಡಿಕೆಯಲ್ಲಿ ಹುಡುಕಿದಳು. ಆಮೇಲೆ ನೆನಪಾಯಿತು. ನೆನಪಾದ ಮೇಲೆ ಇನ್ನಷ್ಟು ಗೊಂದಲವಾಯಿತು. ಫೈಯಾಜ್ ಪರೀಕ್ಷೆಗೆಂದು ಅಲ್ಲಿ ಒತ್ತಿರಬೇಕು, ಅದು ಸರಿಯಾಗಿ ತಾನು ಕೇಳಿದ ಹೊತ್ತಿಗೇ ಆಗಿರಬೇಕು. ಅಷ್ಟು ದೂರದಿಂದ? ಫೋನು ಹಚ್ಚಿದಳು.

"ಫೈಯಾಜ್, ಈಗ ನಮ್ಮವರ ರಿಮೋಟ್ ಒತ್ತಿದೇನಪಾ?"

"ಇಲ್ರಿ ಅಕ್ಕಾರ. ಅದರ ಹೊಟ್ಟಿ ಬಿಚ್ಚಿಟ್ಟೀನಿ. ಬ್ಯಾಟ್ರಿನ ಇಲ್ಲ ಅದರಾಗ. ಯಾಕ್ರಿ?"

ಅವಳು ಫೋನು ಇಟ್ಟಳು. ಪೆಟ್ಟಿಗೆಯ ಕಡೆ ತಿರುಗಿ, "ಇನ್ನೊಂದ್ ಕಪ್ ಬೇಕೇನ್ರಿ?" ಎಂದಳು.

"ಹೌದು," ಎಂದಿತು ಪೆಟ್ಟಿಗೆ, ವಿರೂಪಾಕ್ಷನ ದನಿಯಲ್ಲಿ.

ವಿರೂಪಾಕ್ಷ ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಏನಿದೆ ಎಂದು ತಿಳಿಯಲು ಅವಳು ಬಹಳ ಹೊತ್ತು ಪ್ರಯತ್ನಿಸಿದಳು. ಸಿಟ್ಟೋ, ನಗುವೋ, ದಣಿವೋ. ಅರ್ಧ ಮುಖ ಅಲುಗದ ಮನುಷ್ಯನನ್ನು ಓದುವುದು ಕಷ್ಟ. ಅದಕ್ಕಿಂತ ದೊಡ್ಡ ಮಾತೆಂದರೆ, ಎಷ್ಟೋ ತಿಂಗಳಿಂದ ಆ ಮುಖ ಓದುವುದನ್ನೇ ತಾನು ಬಿಟ್ಟಿದ್ದೇನೆ ಎಂಬುದು ಅವಳಿಗೆ ಆ ಕ್ಷಣ ತಿಳಿಯಿತು.

ಮರುದಿನ ಪೆಟ್ಟಿಗೆಯನ್ನು ಲ್ಯಾಬಿಗೆ ಒಯ್ದು, ಹೊರಗಿನ ಯಾವ ಅಲೆಯೂ ಒಳಗೆ ಬಾರದಂತೆ ತಾಮ್ರದ ಹಾಳೆ ಹೊದಿಸಿದ ಕೋಣೆಯಲ್ಲಿ ಇಟ್ಟರು. ಅಂಗಡಿಯವರೂ ಬಂದು ನಿಂತರು. ರಿಮೋಟು ಹೊರಗೆ, ಬಾಗಿಲು ಭದ್ರ.

"ಆಪರೇಷನ್ ಮಾಡಸೋಣೇನ್ರಿ?" ಅನಸೂಯಾ ಕೇಳಿದಳು.

"ಹೌದು."

"ಆಪರೇಷನ್ ಬಿಟ್ಟಬಿಡೋಣೇನ್ರಿ?"

"ಹೌದು."

ಅಂಗಡಿಯವರು ಕೈಯಲ್ಲಿದ್ದ ಕನ್ನಡಕವನ್ನು ಹಾಕಿಕೊಂಡು ಮತ್ತೆ ತೆಗೆದರು. "ಏನಿದು? ಹಂಗಾರ ಇಷ್ಟ ದಿನ ಯಾರ್ ಮಾತಾಡಾಕತ್ತಿದ್ರು?"

ಅದನ್ನು ಬಿಡಿಸಿ ನೋಡುವುದಕ್ಕೆ ಅನಸೂಯಾ, ಫೈಯಾಜ್ ಇಬ್ಬರಿಗೂ ಸಂಜೆಯಾಯಿತು. ಪೆಟ್ಟಿಗೆ ಕೆಟ್ಟಿರಲಿಲ್ಲ. ಹೇಳಿಕೊಟ್ಟಿದ್ದನ್ನೇ ಚೆನ್ನಾಗಿ ಕಲಿತಿತ್ತು. ಪ್ರಶ್ನೆ ಕೇಳಿದೊಡನೆ ಕಿವಿ ಅಗಲಿಸುತ್ತ, ಅಗಲಿಸುತ್ತ, ಬರಿಯ ಗದ್ದಲದಲ್ಲೂ ಅದಕ್ಕೆ ಉತ್ತರದ ಚೂರು ಕಾಣಿಸತೊಡಗಿತ್ತು. ಯಾರೂ ಕರೆಯದಿದ್ದಾಗಲೂ ಸ್ಟೇಷನ್ನಿನಲ್ಲಿ ಯಾರೋ ಕರೆದಂತಾಗಿ ತಿರುಗಿ ನೋಡುತ್ತೇವಲ್ಲ, ಹಾಗೆ. ದೂರದವರೆಗೆ ಕೇಳುತ್ತಿದೆ ಎಂದು ಇವರು ಹಿಗ್ಗಿದಾಗ ಅದು ಕೇಳುವುದನ್ನೇ ಬಿಟ್ಟು ಊಹಿಸುತ್ತಿತ್ತು.

ಆದರೆ ಯಾವಾಗಲೂ "ಹೌದು" ಎಂದೇ ಏಕೆ? ಈ ಪ್ರಶ್ನೆಗೆ ಉತ್ತರ ಸಿಕ್ಕಾಗ ಫೈಯಾಜ್ ತಲೆ ಎತ್ತಲಿಲ್ಲ.

"ನೋಡ್ರಿ ಅಕ್ಕಾರ, ಸಾಹೇಬ್ರು 'ಬ್ಯಾಡ' ಅಂದಾಗೆಲ್ಲ ಮನ್ಯಾಗ ಮತ್ತ ಅದನ್ನ ಕೇಳ್ಯಾರ. 'ಯಾಕ್ರಿ? ಸ್ವಲ್ಪರ ತಗೋರಿ, ಬ್ಯಾಡ ಅನಬ್ಯಾಡ್ರಿ' ಅಂತ. ಪೆಟ್ಟಿಗಿ ತನಗ ತಪ್ಪ ಕೇಳಿಸ್ತು, ಅದಕ್ಕ ಮತ್ತ ಕೇಳಾಕತ್ತಾರ ಅಂತ ತಿಳ್ಕೊಂಡೈತಿ. 'ಹೌದು' ಅಂದಾಗ ಯಾರೂ ತಿರುಗಿ ಕೇಳಿಲ್ಲ. ಅಂದ್ರ ಅದು ಸರಿ."

ಮನೆಯಲ್ಲಿ ಹಾಗೆ ಕೇಳುತ್ತಿದ್ದವಳು ಯಾರೆಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮನೆಗೆ ಬಂದವಳೇ ಅನಸೂಯಾ ಅಟ್ಟದಿಂದ ಮೊದಲಿನ ಪೆಟ್ಟಿಗೆಯನ್ನು ಇಳಿಸಿದಳು. ಆ ಹಳೆಯದಕ್ಕೆ ಊಹೆ ಗೊತ್ತಿಲ್ಲ. ಒಂದು ಕೋಣೆಯಷ್ಟು ದೂರ ಮಾತ್ರ ಕೇಳುತ್ತದೆ. ಅದನ್ನು ಸ್ಟೂಲಿನ ಮೇಲಿಟ್ಟು, ರಿಪೇರಿಯಾದ ರಿಮೋಟನ್ನು ಗಂಡನ ಕೈಗೆ ಕೊಟ್ಟು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರು ಕೂತಳು.

"ಆ ಪೆಟ್ಟಿಗಿ ನಿಮ್ಮ ಬದ್ಲಿ ತಾನ ಮಾತಾಡತಿತ್ತು. ನಿಮಗ ಗೊತ್ತಿತ್ತೇನು?"

ಹೆಬ್ಬೆರಳು ಅಲುಗಿತು. "ಹೌದು."

ಯಾವಾಗಿನಿಂದ ಎಂದು ಕೇಳಬೇಕು, ಆದರೆ ಅದಕ್ಕೆ ಅವನ ಬಳಿ ಗುಂಡಿಯಿಲ್ಲ. ಹಬ್ಬ ಹಿಡಿದುಕೊಂಡು ಹಿಂದೆ ಹೋದಳು. ದೀಪಾವಳಿಗೆ ಗೊತ್ತಿತ್ತೇ? ಹೌದು. ದಸರಾಕ್ಕೆ? ಹೌದು. ಗಣಪತಿ ಕೂಡಿಸಿದಾಗ? ಹೌದು. ನಾಗರಪಂಚಮಿಗೆ? ಬ್ಯಾಡ. 'ಇಲ್ಲ' ಎನ್ನುವುದಕ್ಕೂ ಅವನಿಗಿದ್ದದ್ದು ಆ 'ಬ್ಯಾಡ' ಒಂದೇ. ಅಂದರೆ ನಾಗರಪಂಚಮಿ ಕಳೆದ ಮೇಲೆ ಎಂದಾಯಿತು. ಇಷ್ಟು ತಿಂಗಳು ತನ್ನ ದನಿ ತನ್ನ ಎದುರೇ ತಾನಾಡದ ಮಾತು ಆಡುವುದನ್ನು ಕೇಳುತ್ತ ಇವನು ಕೂತಿದ್ದಾನೆ.

"ಮತ್ತ ನೀವ್ ಬ್ಯಾಡ ಅಂತ ಒತ್ತಲಿಲ್ಲೇನು?"

"ಹೌದು," ಎಂದಿತು ಪೆಟ್ಟಿಗೆ. ತುಸು ಬಿಟ್ಟು, "ಬ್ಯಾಡ."

ಒತ್ತಿದೆ, ಆಮೇಲೆ ಬಿಟ್ಟೆ ಎಂದೋ? ಒತ್ತಲೇ ಇಲ್ಲ ಎಂದೋ? ಆ ಮಾತು ಬಿಡು ಎಂದೋ? ಅವಳಿಗೆ ಬಗೆಹರಿಯಲಿಲ್ಲ. ಬೇರೆ ಬೇರೆ ರೀತಿ ಕೇಳಿದಳು. ಉತ್ತರಗಳು ಒಂದಕ್ಕೊಂದು ಕೂಡಲಿಲ್ಲ. ಕೊನೆಗೆ ಕೇಳಿದಳು.

"ಆಪರೇಷನ್?"

ಈ ಸಲ ಪೆಟ್ಟಿಗೆ ಸುಮ್ಮನಿತ್ತು. ಹಿತ್ತಲ ಆಚೆ ಗೂಡ್ಸ್ ಗಾಡಿಯೊಂದು ಬಂತು. ಉದ್ದನೆಯ ಗಾಡಿ, ಡಬ್ಬಿಯ ಮೇಲೆ ಡಬ್ಬಿ ಹೋಗುತ್ತಲೇ ಇತ್ತು. ಅವಳ ಬಾಯಿಗೆ "ಯಾಕ್ರಿ, ಹೇಳ್ರಲಾ" ಎಂಬ ಮಾತು ಬಂದೇ ಬಿಟ್ಟಿತ್ತು; ತುಟಿ ಕಚ್ಚಿ ತಡೆದಳು. ಗಾಡಿಯ ಸದ್ದು ಪೂರ್ತಿ ಅಡಗಿದ ಮೇಲೆ ಹೆಬ್ಬೆರಳು ಕದಲಿತು.

"ಬ್ಯಾಡ."

ಅವಳು ಮತ್ತೆ ಕೇಳಲಿಲ್ಲ. ಮರುದಿನ ಆಸ್ಪತ್ರೆಗೆ ಫೋನು ಮಾಡಿ ದಿನವನ್ನು ಮುಂದಕ್ಕೆ ಹಾಕಿಸಿದಳು.

ಕಂಪನಿಯಲ್ಲಿ ಮಾತುಕತೆ ಸುಲಭವಾಗಿರಲಿಲ್ಲ. ಅಂಗಡಿಯವರು ಕೆಟ್ಟ ಮನುಷ್ಯರಲ್ಲ, ಆದರೆ ಅವರಿಗೆ ದಿಕ್ಕು ತೋಚದಂತಾಗಿತ್ತು. "ಒಬ್ಬರರ ತಕರಾರ ಮಾಡ್ಯಾರೇನ್ರಿ? ಎಲ್ಲಾರೂ ಹೊಗಳ್ಯಾರ. ಈಗ ನಾವ ಹೋಗಿ ಅದು ಸುಳ್ಳ ಹೇಳತಿತ್ತು ಅಂದ್ರ ಅವರ ಮನಸಿಗೆ ಹೆಂಗಾಗಬ್ಯಾಡ?" ಎಂದರು.

"ತಕರಾರ ಮಾಡೋರಿಗೆ ಬಾಯಿಲ್ಲ ಸರ," ಎಂದಳು ಅನಸೂಯಾ. "ಅವರ ಬಾಯಿ ನಮ್ಮ ಹತ್ರ ಐತಿ."

ಅಂಗಡಿಯವರು ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ಅವಳ ಕಡೆ ಸರಿಸಿದರು. ಆಮೇಲೆ, "ತೆಗೀರಿ ಹಂಗಾರ" ಎಂದರು.

ಎಲ್ಲ ಮನೆಗಳ ಪೆಟ್ಟಿಗೆಗಳಿಂದ ಊಹೆಯನ್ನು ದೂರದಿಂದಲೇ ತೆಗೆದು ಹಾಕಿದರು. ಏಕೆಂದು ಪ್ರತಿ ಮನೆಗೂ ತಿಳಿಸಿದರು. ಇನ್ನು ಮೇಲೆ ಹತ್ತಿರ ಕೂತು ಮಾತಾಡಿಸಬೇಕು ಎಂದೂ ಹೇಳಿದರು. ಫೋನುಗಳು ಬರತೊಡಗಿದವು. ಕೆಲವರು ಬೈದರು. ಒಬ್ಬಾತ ಅತ್ತುಬಿಟ್ಟ. ರಾಣೆಬೆನ್ನೂರಿನಿಂದ ಸುಲೋಚನಾ ಎಂಬ ಹೆಣ್ಣುಮಗಳು ಮಾಡಿದ ಕರೆಯನ್ನು ಅನಸೂಯಾಳೇ ಎತ್ತಿಕೊಂಡಳು.

"ಮೇಡಮ್ಮಾರ, ನಮ್ಮವ್ವ ಈಗ ಏನೂ ಮಾತಾಡವಲ್ಲಳು. ಮೊದಲ ಎಷ್ಟ ಚಂದ ಮಾತಾಡತಿದ್ಲು. ಉಂಡಿಯೇನ ಅಂದ್ರ ಹೌದು, ಆರಾಮ ಅದೀಯೇನ ಅಂದ್ರ ಹೌದು ಅನ್ನಾಕಿ. ಈಗ ರಿಮೋಟ್ ಕೈಯಾಗ ಇಟ್ರೂ ಬೆರಳ ಎತ್ತವಲ್ಲಳು. ಮೊದಲಿನಂಗ ಮಾಡಿಕೊಡ್ರಿ."

"ಅವ್ವ ಯಾವಾಗಿಂದ ಒತ್ತೋದ್ ಬಿಟ್ಟಾರ, ನೋಡಿದ್ದ ನೆನಪೈತೇನವಾ?"

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ನಾ... ನೋಡಿಲ್ರಿ. ದನಿ ಕೇಳತಿತ್ತಲ್ರಿ."

ಹತ್ತಿರ ಕೂತು ಕೈ ಹಿಡಿದುಕೊಳ್ಳಿ, ದಿನಾ ಒಂದಷ್ಟು ಹೊತ್ತು ಕೇಳಿ, ಕೇಳಿ ಕಾಯಿರಿ ಎಂದಳು ಅನಸೂಯಾ. ಅದರಿಂದ ಬೆರಳು ಎದ್ದೀತೇ ಎಂದು ಅವಳಿಗೇ ಖಾತ್ರಿಯಿರಲಿಲ್ಲ. ಎರಡು ವಾರದ ಮೇಲೆ ಸುಲೋಚನಾ ಮತ್ತೆ ಫೋನು ಮಾಡಿದಳು. ಅವ್ವ ಒಮ್ಮೆ "ನೋವು" ಎಂದಳಂತೆ, ಅಷ್ಟೇ. ಇವತ್ತಿನ ನೋವೋ, ಇಷ್ಟು ದಿನದ್ದೋ ತಿಳಿಯಲಿಲ್ಲವಂತೆ. ಡಾಕ್ಟರಿಗೆ ತೋರಿಸಿದಾಗ ಬೆನ್ನಿನಲ್ಲಿ ಹಾಸಿಗೆ ಹುಣ್ಣು ಸಿಕ್ಕಿತಂತೆ. ಹೇಳುತ್ತ ಹೇಳುತ್ತ ಆ ಹೆಣ್ಣುಮಗಳ ದನಿ ಕುಸಿಯಿತು. ಅನಸೂಯಾ ಫೋನು ಕಿವಿಗೆ ಒತ್ತಿಕೊಂಡು ಅವಳು ಸುಮ್ಮನಾಗುವವರೆಗೂ ಕೂತಿದ್ದಳು.

ಮನೆಯಲ್ಲಿ "ಬ್ಯಾಡ"ಗಳು ಹಿಂದಿರುಗಿದವು. ಚಹಾ ಬ್ಯಾಡ. ಆ ಅಂಗಿ ಬ್ಯಾಡ. ವಿರೂಪಾಕ್ಷನ ತಮ್ಮ ಬಂದಾಗ ಅವನ ಎದುರೇ ಬ್ಯಾಡ. ತಮ್ಮ ಮುನಿಸಿಕೊಂಡು ಹೋದ. ಹಿತ್ತಲಲ್ಲಿ ಕೂತಾಗ ಪಡಸಾಲೆಗೆ ಕೇಳುವುದಿಲ್ಲವಾದ್ದರಿಂದ ನೀಲವ್ವ ರೊಟ್ಟಿಯ ಒಲೆಯನ್ನೇ ಹಿತ್ತಲ ಬಾಗಿಲಿಗೆ ಸಾಗಿಸಿಕೊಂಡಳು. ಅನಸೂಯಾ ಸಂಜೆ ಬಂದು ಅವನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಕೆಲವೊಮ್ಮೆ ಬೇಸರವಾಗುತ್ತಿತ್ತು. ಆ ಮೆತ್ತಗಿನ ಗಂಡ ಎಲ್ಲಿ ಹೋದ ಎನಿಸಿ, ಹಾಗೆ ಎನಿಸಿದ್ದಕ್ಕೆ ನಾಚಿಕೆಯಾಗುತ್ತಿತ್ತು.

ಒಂದು ಸಂಜೆ ಅವಳು ಪಡಸಾಲೆಯಲ್ಲಿ ಅವನ ಪಕ್ಕ ಬಟಾಣಿ ಸುಲಿಯುತ್ತ ಕೂತಿದ್ದಾಗ ಕೇಳದೆಯೇ ದನಿ ಬಂತು.

"ಅನೂ."

ತಲೆ ಎತ್ತಿದಳು. ಅವನ ಕಣ್ಣು ಕಪಾಟಿನ ಮೇಲಿದ್ದ ಆಸ್ಪತ್ರೆಯ ಫೈಲಿನ ಕಡೆ ಹೋಗಿ, ಅವಳ ಕಡೆ ಬಂದು, ಮತ್ತೆ ಫೈಲಿನ ಕಡೆ ಹೋಯಿತು.

"ಹೌದು," ಎಂದಿತು ಪೆಟ್ಟಿಗೆ.

ಬಟಾಣಿ ಬಟ್ಟಲು ಅವಳ ತೊಡೆಯಿಂದ ಜಾರಿತು. "ಏನ್ ಹೌದು? ಆಪರೇಷನ್ನೇನು?"

"ಹೌದು."

"ಮೊನ್ನೆ ಬ್ಯಾಡ ಅಂದ್ರಲ್ಲಾ!"

"ಹೌದು."

"ಕೈ ಹೋದ್ರ? ಈ ಗುಂಡೀನೂ ಒತ್ತಾಕ ಬರಂಗಿಲ್ಲ, ತಿಳೀತೇನ್ರಿ?"

ಹೆಬ್ಬೆರಳು "ಹೌದು" ಮೇಲೆ ಹೋಯಿತು, ಒತ್ತಲಿಲ್ಲ. "ಬ್ಯಾಡ" ಮೇಲೆ ಹೋಯಿತು, ಅಲ್ಲೂ ಒತ್ತಲಿಲ್ಲ. ಎರಡರ ನಡುವೆ ಹೋಗಿ ಬರುತ್ತ ಇತ್ತು. ಅವನ ಅರ್ಧ ಮುಖದ ಮೇಲೆ ಏನೋ ಮೂಡಿತು. ಈ ಸಲ ಅವಳಿಗೆ ಓದಲು ಬಂತು: ಅವನಿಗೆ ಹೆದರಿಕೆಯಾಗಿತ್ತು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಬೆಂಗಳೂರಿನ ಆಸ್ಪತ್ರೆಯಿಂದಲೇ ಕರೆ. ಹೊಸ ದಿನ ಗೊತ್ತು ಮಾಡಬಹುದೇ, ರೋಗಿಯ ಒಪ್ಪಿಗೆ ಇದೆಯೇ ಎಂದು ಹುಡುಗಿಯೊಬ್ಬಳು ಅವಸರದಿಂದ ಕೇಳಿದಳು. ಹೌದೋ ಅಲ್ಲವೋ ಅಷ್ಟು ಹೇಳಿದರೆ ಸಾಕು ಎಂದಳು.

ಅನಸೂಯಾ ಗಂಡನ ಹೆಬ್ಬೆರಳನ್ನೇ ನೋಡುತ್ತ, ಚೆಲ್ಲಿದ ಬಟಾಣಿಯ ನಡುವೆ ನೆಲದ ಮೇಲೆ ಕೂತು, ಅವನ ಮೊಣಕಾಲಿಗೆ ಭುಜ ಆನಿಸಿದಳು.

"ಸ್ವಲ್ಪ ತಡೀಬೇಕಾಗತೈತಿ ನೋಡ್ರಿ," ಎಂದಳು ಫೋನಿಗೆ. "ನಮ್ಮ ಯಜಮಾನ್ರು ಇನ್ನೂ ವಿಚಾರ ಮಾಡಾಕತ್ತಾರ."